ತಾತನ ಪೆನ್ಸಿಲ್ಲಿನ ಹಿತ್ತಾಳೆ ಟೊಪ್ಪಿ

ನಮ್ಮ ಕಡೆಯ ಹಳ್ಳಿಗಳಲ್ಲಿ ಹಿರಿಯರು ತೀರಿಕೊಂಡ ಮೇಲೆ ಮಕ್ಕಳ ಪಾಲಿಗೆ ಬರುವುದು ಒಂದಿಷ್ಟು ಗದ್ದೆ, ಒಂದಿಷ್ಟು ಸಾಲ, ಗ್ರಹಚಾರ ಕೆಟ್ಟಿದ್ದರೆ ಒಂದು ಕೋರ್ಟು ಕೇಸು. ನನ್ನ ಪಾಲಿಗೆ ಇವುಗಳ ಜೊತೆಗೆ ಒಂದು ರಿವಾಲ್ವರೂ ಬಂತು.

2022ರ ಶ್ರಾವಣದಲ್ಲಿ ಅಪ್ಪ ಹೋದರು. ತೊಂಬತ್ತು ತುಂಬಿತ್ತು. ಕಾರ್ಯ ಮುಗಿದ ಮಾರನೆಯ ದಿನ ಅವ್ವ ಸೊಂಟದ ಬೀಗದಕೈ ಗೊಂಚಲಿನಿಂದ ಒಂದನ್ನು ಬಿಡಿಸಿ ನನ್ನ ಕೈಗಿಟ್ಟಳು. "ಅಟ್ಟದ ಮೇಲಿರೋ ಟ್ರಂಕಿಂದು ಕಣಪ್ಪ. ಅದರೊಳಗಿರೋದ ಮೊದ್ಲು ಟೇಷನ್‌ಗೆ ಕೊಟ್ಬುಟ್ಟು ಬಾ. ಅದು ಮನೇಲಿರೋವರ್ಗೂ ನಂಗೆ ನಿದ್ದೆ ಬರಾಕಿಲ್ಲ" ಎಂದಳು. ಅರವತ್ತು ವರ್ಷ ಅದೇ ಅಟ್ಟದ ಕೆಳಗೆ ಮಲಗಿ ನಿದ್ದೆ ಮಾಡಿದವಳು ಆಡಿದ ಮಾತಿದು!

ಟ್ರಂಕಿನಲ್ಲಿ ಇದ್ದದ್ದು ಮೂರೇ ಸಾಮಾನು. ಎಣ್ಣೆ ಕುಡಿದು ಕಪ್ಪಾದ ಪಂಚೆಯ ತುಂಡಿನಲ್ಲಿ ಸುತ್ತಿದ ರಿವಾಲ್ವರ್, ಹಳೆಯ ಪೆಪ್ಪರ್‌ಮೆಂಟ್ ಡಬ್ಬಿಯಲ್ಲಿ ಹತ್ತು ತೋಟಾ, ಮತ್ತು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಲೈಸೆನ್ಸ್ ಪುಸ್ತಕ. ತಾತ ನಾಗಮಂಗಲ ತಾಲ್ಲೂಕಿನ ನಮ್ಮೂರಿಗೆ ಪಟೇಲರಾಗಿದ್ದವರು. ಪುಸ್ತಕದ ಮೊದಲ ಪುಟದಲ್ಲಿ 1936ನೇ ಇಸವಿ, ಮೈಸೂರು ಜಿಲ್ಲೆ ಎಂದಿತ್ತು. ಮಂಡ್ಯ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಆದದ್ದು 1939ರಲ್ಲಿ. ತಾತ 1971ರಲ್ಲಿ ತೀರಿಕೊಂಡ ಮೇಲೆ ಲೈಸೆನ್ಸು ಅಪ್ಪನ ಹೆಸರಿಗೆ ಬಂತು. ಪಟೇಲಿಕೆ ಅದಕ್ಕೆ ಮುಂಚೆಯೇ ಹೋಗಿತ್ತು. ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದು ಮಾಡುವ 1961ರ ಕಾಯಿದೆ ಬಂದ ಮೇಲೆ ನಮ್ಮ ಮನೆಯಲ್ಲಿ ಪಟೇಲಿಕೆಯ ಗುರುತಾಗಿ ಉಳಿದದ್ದು ಈ ರಿವಾಲ್ವರ್ ಮತ್ತು ಊರವರು ಬಾಯಿತುಂಬ ಕರೆಯುತ್ತಿದ್ದ 'ಪಟೇಲರ ಮನೆ' ಎಂಬ ಹೆಸರು, ಇಷ್ಟೆ.

ಲೈಸೆನ್ಸುದಾರ ತೀರಿಕೊಂಡ ಮೇಲೆ ಆಯುಧವನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ತಡಮಾಡದೆ ಪೊಲೀಸ್ ಠಾಣೆಗೋ ಲೈಸೆನ್ಸು ಪಡೆದ ಬಂದೂಕಿನ ವ್ಯಾಪಾರಿಯ ಬಳಿಗೋ ಒಪ್ಪಿಸಿ ರಸೀದಿ ಪಡೆಯಬೇಕೆಂದು 1959ರ ಶಸ್ತ್ರ ಕಾಯಿದೆ ಹೇಳುತ್ತದೆ. ವಾರಸುದಾರನಿಗೆ ಬೇಕಿದ್ದರೆ ಆಮೇಲೆ 2016ರ ನಿಯಮಗಳ ಪ್ರಕಾರ ತನ್ನ ಹೆಸರಿಗೆ ಲೈಸೆನ್ಸು ಕೇಳಬಹುದು. ನಾನೂ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಠಾಣೆಗೆ ಹೋದೆ.

ಠಾಣೆಯ ರೈಟರ್ ನನ್ನ ಹಳೆಯ ಶಿಷ್ಯ. ಕೃಷ್ಣರಾಜಪೇಟೆಯ ಹೈಸ್ಕೂಲಿನಲ್ಲಿ ನನ್ನ ಹತ್ತಿರ ವಿಜ್ಞಾನ ಓದಿದವನು. ಕುರ್ಚಿ ಹಾಕಿ, ಟೀ ತರಿಸಿ, ರಿಜಿಸ್ಟರು ಬಿಡಿಸಿ ಕೇಳಿದ: "ಎಷ್ಟನೇ ಬೋರು ಮೇಷ್ಟ್ರೇ?"

"ಪುಸ್ತಕದಲ್ಲಿದೆ ನೋಡಪ್ಪ" ಎಂದೆ.

ಅವನು ನೋಡಿದ. ಬೆಳಕಿಗೆ ಹಿಡಿದು ನೋಡಿದ. ಕನ್ನಡಕ ತೆಗೆದು ನೋಡಿದ. "ಮೂವತ್ತೆಂಟು ಅಂತಿದೆಯಲ್ಲ ಮೇಷ್ಟ್ರೇ!"

ನಾನೂ ನೋಡಿದೆ. 1936ರ ಗುಮಾಸ್ತರು ಯಾರೋ, ಅವರ ಕೈಬರಹ ಮುತ್ತಿನಂಥದು. ಆದರೆ ಅವರ ಎರಡರ ಬಾಲ ಸುತ್ತಿಕೊಂಡು ಮೇಲಕ್ಕೆ ಹೋಗಿ ತಲೆಯನ್ನೇ ಮುಟ್ಟಿತ್ತು. ಮೇಲೆ ಒಂದು ಹನಿ ನೀರೂ ಬಿದ್ದು ಶಾಯಿ ಹರಡಿತ್ತು. ಎರಡು ಎಂದರೆ ಎರಡು, ಎಂಟು ಎಂದರೆ ಎಂಟು. ಅಪ್ಪನ ಹೆಸರಿಗೆ ವರ್ಗಾವಣೆಯಾದ ಪುಟದಲ್ಲಿ ಮಾತ್ರ ಸ್ಪಷ್ಟವಾಗಿ 32 ಎಂದಿತ್ತು. ಆ ಬರೆದವರು ಅಳತೆ ನೋಡಿ ಬರೆದರೋ, ಹಿಂದಿನ ಪುಟ ನೋಡಿ ಅಂದಾಜಿನಲ್ಲಿ ಬರೆದರೋ ಹೇಳುವವರು ಯಾರು?

ಒಂದು ಅಂಕಿಯ ವ್ಯತ್ಯಾಸಕ್ಕೆ ಇಷ್ಟು ರಾಮಾಯಣವೇ ಎಂದು ನಿಮಗೆ ಅನ್ನಿಸಬಹುದು. ಬೋರ್ ಎಂದರೆ ನಳಿಕೆಯ ಬಾಯಿಯ ಅಳತೆ. ಪಾಯಿಂಟ್ ಮೂವತ್ತೆರಡು ಎಂದರೆ ಇಂಚಿನ ನೂರರಲ್ಲಿ ಮೂವತ್ತೆರಡು ಭಾಗ. ಈ ಬೋರಿನ ರಿವಾಲ್ವರಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರಾದ ಜಿಲ್ಲಾಧಿಕಾರಿಯೇ ಲೈಸೆನ್ಸು ಕೊಡಬಲ್ಲರು. ಪಾಯಿಂಟ್ ಮೂವತ್ತೆಂಟು, ಪಾಯಿಂಟ್ ನಾನೂರೈವತ್ತೈದರ ಕೈಬಂದೂಕುಗಳು ಮತ್ತು 9 ಮಿಲಿಮೀಟರಿನ ಪಿಸ್ತೂಲು 'ನಿಷೇಧಿತ ಬೋರ್' ಎಂಬ ಪಟ್ಟಿಗೆ ಸೇರಿದವು. ಅದಕ್ಕೆ ಲೈಸೆನ್ಸು ಬೇಕೆಂದರೆ ಕೇಂದ್ರ ಸರ್ಕಾರದ ಗೃಹ ಇಲಾಖೆಯವರೆಗೂ ಹೋಗಬೇಕು. ಅಂದರೆ ಎರಡಾದರೆ ತಾತನ ರಿವಾಲ್ವರು ಮನೆಗೆ ಬರಬಹುದು, ಎಂಟಾದರೆ ಹೋದ ಹಾಗೆಯೇ. ಇಷ್ಟು ವರ್ಷ ಎಂಟನ್ನು ಎರಡು ಎಂದುಕೊಂಡು ಇಟ್ಟುಕೊಂಡಿದ್ದರೆ ಅಪ್ಪನ ನೆನಪಿಗೂ ಒಂದು ಕಪ್ಪುಚುಕ್ಕೆ.

"ತೋಟಾ ಮೇಲೆ ಏನೋ ಬರೆದೈತೆ, ಮೂವತ್ತೆರಡು ಅಂತಲೇ ಐತೆ" ಎಂದು ರೈಟರ್ ಭೂತಗನ್ನಡಿ ಹಿಡಿದು ಸಮಾಧಾನ ಹೇಳಿದ. "ತೋಟಾ ಒಳಗೆ ಹೋಗ್ತದೆ ಅಂದ್ರೆ ಅದೇ ಬೋರು ಅಲ್ವಾ ಮೇಷ್ಟ್ರೇ?" ಆದರೂ ಜಾಗರೂಕ ಮನುಷ್ಯ. ರಸೀದಿಯಲ್ಲಿ ಬೋರಿನ ಜಾಗದಲ್ಲಿ 'ಪರಿಶೀಲನೆಗೆ ಒಳಪಟ್ಟು' ಎಂದು ಬರೆದು, ಮಂಡ್ಯದ ಸಶಸ್ತ್ರ ಮೀಸಲು ಪಡೆಯ ಆರ್ಮರರ್ ನೋಡಬೇಕಾಗುತ್ತದೆ ಎಂದ.

ಅಂದು ರಾತ್ರಿ ಕೃಷ್ಣರಾಜಪೇಟೆಯ ನನ್ನ ಮನೆಯಲ್ಲಿ ಮೇಜಿನ ಮುಂದೆ ಕೂತಾಗ ಕಣ್ಣಿಗೆ ಬಿದ್ದದ್ದು ತಾತನ ಪೆನ್ಸಿಲ್ಲು.

ಈ ಪೆನ್ಸಿಲ್ಲಿನ ವಿಷಯ ಸ್ವಲ್ಪ ಹೇಳಬೇಕು. ತಾತ ಕಂದಾಯದ ಲೆಕ್ಕ ಗೀಚಲು ಸದಾ ಕಿವಿಯ ಮೇಲೆ ಒಂದು ಪೆನ್ಸಿಲ್ಲು ಸಿಕ್ಕಿಸಿಕೊಂಡಿರುತ್ತಿದ್ದರು. ಮೊನೆ ಮುರಿಯದಿರಲೆಂದು ಅದಕ್ಕೊಂದು ಪುಟ್ಟ ಹಿತ್ತಾಳೆ ಟೊಪ್ಪಿ. ಪೆನ್ಸಿಲ್ಲು ಸವೆದು ಸವೆದು ಹೊಸದು ಬಂದರೂ ಟೊಪ್ಪಿ ಮಾತ್ರ ಅದೇ. ಅವರು ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ದೊಡ್ಡವರು ಹೊಲ ಗದ್ದೆ ಹಂಚಿಕೊಂಡರು, ನಾನು ಪೆನ್ಸಿಲ್ಲು ಎತ್ತಿಕೊಂಡೆ. ಐವತ್ತು ವರ್ಷ ನನ್ನ ಮೇಜಿನ ಮೇಲೆ ಇದ್ದ ವಸ್ತು. ಅದು ಹಾರಿಸಿ ಖಾಲಿಯಾದ ಒಂದು ತೋಟಾದ ಚಿಪ್ಪು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಕಣ್ಣಿಗೆ ದಿನಾ ಬೀಳುವ ವಸ್ತುವನ್ನು ನಾವು ನೋಡುವುದು ಕಡಿಮೆ.

ಮೂವತ್ತು ವರ್ಷ ಮಕ್ಕಳಿಗೆ ವರ್ನಿಯರ್ ಕ್ಯಾಲಿಪರ್ಸ್ ಕಲಿಸಿದವನು ನಾನು. ಗೋಲಿಯ ವ್ಯಾಸ, ತಾಮ್ರದ ತಂತಿಯ ದಪ್ಪ ಅಳೆಸಿದ್ದೇ ಅಳೆಸಿದ್ದು. ಅದು ನಿಜವಾಗಿ ನನ್ನ ಉಪಯೋಗಕ್ಕೆ ಬಂದದ್ದು ಅದೇ ಮೊದಲು! ಟೊಪ್ಪಿ ಬಿಚ್ಚಿ ಅಳೆದೆ. ಉದ್ದ 15.4 ಮಿಲಿಮೀಟರ್. ಬುಡದ ವ್ಯಾಸ 8.5. ಬುಡದಂಚಿನಲ್ಲಿ ಹೊರಚಾಚಿದ ಬಳೆಯಂಥ ಅಂಚು 9.5. ಬುಡದ ಮೇಲಿನ ಅಕ್ಷರಗಳು ತಾತನ ಬೆರಳು ಸವರಿ ಸವರಿ ಅಳಿಸಿಹೋಗಿದ್ದವು. ಮಧ್ಯದಲ್ಲಿ ಸೂಜಿ ಹೊಡೆದ ಗುಳಿ ಮಾತ್ರ ಉಳಿದಿತ್ತು.

ಆಮೇಲೆ ಒಂದು ವಾರ ನಾನು ತೋಟಾಗಳ ವಿದ್ಯಾರ್ಥಿಯಾದೆ. ಪಾಯಿಂಟ್ ಮೂವತ್ತೆರಡು ಎಂಬುದು ಒಂದು ಹೆಸರಲ್ಲ, ಒಂದು ಮನೆತನ ಎಂದು ತಿಳಿದದ್ದೇ ಆಗ. ನಮ್ಮೂರಿನಲ್ಲಿ 'ಗೌಡ್ರೇ' ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುವುದಿಲ್ಲವೆ, ಹಾಗೆ. ಇಂಗ್ಲೆಂಡಿನ ಪಾಯಿಂಟ್ ಮುನ್ನೂರಿಪ್ಪತ್ತು ಎಂಬುದೊಂದು. ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಕಂಪನಿ 1878ರಲ್ಲಿ ತಂದ ಗಿಡ್ಡ ಮೂವತ್ತೆರಡು ಇನ್ನೊಂದು. ಇದರ ಚಿಪ್ಪು ಸುಮಾರು 15.5 ಮಿಲಿಮೀಟರ್. ಅದೇ ಕಂಪನಿಯವರು 1896ರಲ್ಲಿ ತಂದ ಉದ್ದನೆಯ ಮೂವತ್ತೆರಡು, ಎಂದರೆ 'ಲಾಂಗ್', ಮತ್ತೊಂದು. ಚಿಪ್ಪು 23 ಮಿಲಿಮೀಟರಿಗೂ ಮಿಕ್ಕಿ. ನಮ್ಮ ದೇಶದ ಸರ್ಕಾರಿ ಕಾರ್ಖಾನೆಗಳು ರಿವಾಲ್ವರಿಗೆಂದು ತಯಾರಿಸುತ್ತ ಬಂದದ್ದು ಈ ಉದ್ದದ್ದನ್ನು. ಇನ್ನು 1899ರಲ್ಲಿ ಬ್ರೌನಿಂಗ್ ಎಂಬ ಮಹಾಶಯ ತನ್ನ ಪಿಸ್ತೂಲಿಗೆಂದು ಮಾಡಿದ ಮೂವತ್ತೆರಡು ಬೇರೆಯೇ, ಚಿಪ್ಪು 17.3 ಮಿಲಿಮೀಟರ್, ಬುಡದ ಅಂಚು 9.1. ಎಲ್ಲರ ಹೆಸರೂ ಮೂವತ್ತೆರಡೇ. ಇಂಚಿನ ಲೆಕ್ಕದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ.

ಮೂವತ್ತೆಂಟರ ಭಯ ಅಂದೇ ಹೋಯಿತು. ಮೂವತ್ತೆಂಟರ ಚಿಪ್ಪಿನ ಬುಡ 9.6 ಮಿಲಿಮೀಟರಿಗೆ ಕಡಿಮೆಯಿಲ್ಲ. ಟೊಪ್ಪಿಯ ಬುಡ ಎಂಟೂವರೆ. ಮುನ್ನೂರಿಪ್ಪತ್ತೂ ಅಲ್ಲ, ಅದರ ಬುಡ ಇನ್ನೂ ಸಣ್ಣ. ಉದ್ದ, ಬುಡ, ಅಂಚು ಮೂರೂ ಹೊಂದುವುದು 1878ರ ಗಿಡ್ಡ ಮೂವತ್ತೆರಡಕ್ಕೆ ಮಾತ್ರ. ಆದರೆ ಒಂದು ಪ್ರಶ್ನೆ ಉಳಿಯಿತು. ಈ ಚಿಪ್ಪು ನಮ್ಮ ರಿವಾಲ್ವರಿನದೇ ಎಂಬುದಕ್ಕೆ ಸಾಕ್ಷಿ ಯಾರು? ತಾತನಿಗೆ ಯಾರೋ ಕೊಟ್ಟದ್ದೂ ಇರಬಹುದಲ್ಲ.

ನಾಗಮಂಗಲ ಹಿಂದಿನಿಂದ ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು. ಅಲ್ಲಿ ಪರಿಚಯದ ಎರಕದವರೊಬ್ಬರಿಗೆ ಟೊಪ್ಪಿ ತೋರಿಸಿದೆ. ಅವರು ಅಂಗೈಯಲ್ಲಿಟ್ಟು ಹೊರಳಿಸಿ, "ಇದು ಎರಕ ಅಲ್ಲ ಸ್ವಾಮಿ. ತಗಡನ್ನ ಒತ್ತಿ ಒತ್ತಿ ಎಳೆದಿರೋದು. ತಾಮ್ರ ಜಾಸ್ತಿ ಹಾಕವ್ರೆ, ಅದಕ್ಕೇ ಈ ಬಣ್ಣ" ಎಂದರು. ಕೈ ಎಂದರೆ ಅದು! ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಸಿಡಿದಾಗ ಅದು ಬಿರಿಯದೆ ಉಬ್ಬಿ ಗೂಡಿನ ಗೋಡೆಗೆ ಅಂಟಿ ಹೊಗೆ ಹಿಂದಕ್ಕೆ ಬರದಂತೆ ತಡೆಯುತ್ತದೆ, ಆಮೇಲೆ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಹಾಗಾಗಿ ಹಾರಿಸಿದ ಚಿಪ್ಪು ತಾನು ಸಿಡಿದ ಕೋಣೆಯ ಅಚ್ಚಿನಂತೆ. ಯಾವ ಮನೆಯಲ್ಲಿ ಬಾಳಿತ್ತೋ ಆ ಮನೆಯ ಗುರುತನ್ನು ಮೈಮೇಲೆ ಹೊತ್ತಿರುತ್ತದೆ.

ಅಪ್ಪನ ವರ್ಷದ ತಿಥಿ ಹತ್ತಿರ ಬಂದಿತ್ತು. ಮಂಡ್ಯದಲ್ಲಿ ಪರಿಶೀಲನೆಗೆ ಬರಬೇಕೆಂದು ತಿಳಿಸಿದ ದಿನವೂ ಅದರ ಹಿಂದೆಯೇ ಬಂತು. ಕೃಷ್ಣರಾಜಪೇಟೆಯಿಂದ ಬಸ್ಸು ಹತ್ತಿ ಪಾಂಡವಪುರದಲ್ಲಿ ಚಿಕ್ಕಪ್ಪನ ಮನೆಯಲ್ಲಿ ಇಳಿದುಕೊಂಡೆ. ಎಂಬತ್ತಾರರ ಚಿಕ್ಕಪ್ಪ ಸಕ್ಕರೆ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಕಿವಿ ಮಂದ, ನೆನಪು ಮಾತ್ರ ಇನ್ನೂ ಸಾಣೆ ಹಿಡಿದ ಕುಡುಗೋಲು. ಊಟವಾದ ಮೇಲೆ ಪೆನ್ಸಿಲ್ಲಿನ ಟೊಪ್ಪಿ ಅವರ ಕೈಗಿಟ್ಟೆ. ಬಹಳ ಹೊತ್ತು ಮಾತಾಡಲಿಲ್ಲ.

"ಇದು ಕರಿಯಂದು ಕಣ್ಲಾ" ಎಂದರು.

ಕರಿಯ ತಾತನ ನಾಯಿ. ಗದ್ದೆಗೂ ಅದೇ, ಚಾವಡಿಗೂ ಅದೇ, ಸಂತೆಗೂ ಅದೇ. ಒಂದು ಬೇಸಗೆಯಲ್ಲಿ ಅದಕ್ಕೆ ಹುಚ್ಚು ಹಿಡಿಯಿತು. ಎರಡು ಕರು ಕಚ್ಚಿತು. ಹಿತ್ತಲಿಗೆ ನುಗ್ಗಿ ಹುಲ್ಲಿನ ಮೆದೆಯ ಕೆಳಗೆ ಜೊಲ್ಲು ಸುರಿಸುತ್ತ ನಿಂತಿತು. ಊರವರು ದೊಣ್ಣೆ ಹಿಡಿದು ಬಂದರು. ತಾತ ಯಾರನ್ನೂ ಹತ್ತಿರ ಬಿಡಲಿಲ್ಲ. "ದೊಣ್ಣೇಲಿ ಬ್ಯಾಡ, ನನ್ನ ನಾಯಿ, ನಾನೇ ನೋಡ್ಕತೀನಿ" ಎಂದು ಒಳಗೆ ಹೋಗಿ ರಿವಾಲ್ವರ್ ತಂದರು. ಒಂದೇ ಏಟು.

"ಹಿತ್ಲೆಲ್ಲಾ ಬೆಳ್ಳಗೆ ಹೊಗೆ ಕಣ್ಲಾ. ನಿಮ್ಮ ತಾತನ ಮುಖವೇ ಕಾಣಲಿಲ್ಲ. ಹೊಗೆ ಹೋದ್ಮ್ಯಾಲೆ ನೋಡುದ್ರೆ ಅಳ್ತಾ ನಿಂತವ್ರೆ. ಅವತ್ತಿಂದ ಅದನ್ನ ಮುಟ್ಟಲಿಲ್ಲ. ಉಳಿದಿದ್ದ ತೋಟಾನೂ ತಾಲ್ಲೂಕು ಕಚೇರಿಗೆ ಕೊಟ್ಟು ಬಂದ್ರು."

ನನಗೆ ಮೈ ಜುಮ್ಮೆಂದಿತು. ಲೈಸೆನ್ಸ್ ಪುಸ್ತಕದ ನಕಲು ನನ್ನ ಚೀಲದಲ್ಲೇ ಇತ್ತು. ಕೊಂಡಾಗ ಆರು ತೋಟಾ, ರಿವಾಲ್ವರಿನ ಜೊತೆಗೇ ಬಂದವು. ಅದರ ಕೆಳಗೆ 1948ರ ತಾರೀಖಿನಲ್ಲಿ 'ಐದು ವಾಪಸು' ಎಂಬ ಒಂದು ಸಾಲು. ಕಾರಣ ಬರೆದಿರಲಿಲ್ಲ. ಆರರಲ್ಲಿ ಐದು ವಾಪಸು, ಉಳಿದದ್ದು ಒಂದು. ಆ ಒಂದು ನನ್ನ ಚಿಕ್ಕಪ್ಪನ ಅಂಗೈಯಲ್ಲಿತ್ತು. ತಾತ ಕಳ್ಳರನ್ನು ಓಡಿಸಿದ ಕಥೆ, ಚಿರತೆ ಹೊಡೆದ ಕಥೆ ಎಲ್ಲ ನಮ್ಮೂರಿನ ಚಾವಡಿಯಲ್ಲಿ ಹುಟ್ಟಿದವು. ರಿವಾಲ್ವರ್ ಹಾರಿದ್ದು ಒಮ್ಮೆ ಮಾತ್ರ, ಅದೂ ಸಾಕಿದ ನಾಯಿಯ ಮೇಲೆ.

ಇನ್ನೊಂದು ಮಾತೂ ಅಷ್ಟೇ ಮುಖ್ಯವಾಗಿತ್ತು: ಹಿತ್ತಲು ತುಂಬಿದ ಬಿಳಿ ಹೊಗೆ. ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿದ ಕರಿಮದ್ದು ಉರಿದರೆ ಹಾಗೆ ಹೊಗೆ ಬರುತ್ತದೆ. ಈಗಿನ ತೋಟಾಗಳಲ್ಲಿ ಇರುವುದು ಹೊಗೆಯಿಲ್ಲದ ಮದ್ದು. ತಾತನ ತೋಟಾ ಕರಿಮದ್ದಿನದು.

ಬೆಳಿಗ್ಗೆ ಚಿಕ್ಕಪ್ಪ ತಾವೂ ಬರುತ್ತೇನೆಂದು ಹೊರಟರು. ಅಣ್ಣನ ಅಸ್ಥಿ ಬಿಟ್ಟ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಒಂದು ಮುಳುಗು ಹಾಕಬೇಕೆಂಬುದು ಅವರ ಆಸೆ. ಸ್ನಾನ ಮುಗಿಸಿ ಬಟ್ಟೆ ಒಣಗುವವರೆಗೆ ರೈಲು ನಿಲ್ದಾಣದ ಹತ್ತಿರ ಟಿಪ್ಪುವಿನ ಕಾಲದ ಮದ್ದಿನ ಮನೆ ನೋಡಿ ಬಂದೆವು. 2017ರಲ್ಲಿ ಜೋಡಿ ಹಳಿ ಹಾಕಲು ಅಡ್ಡವಾಯಿತೆಂದು ಆ ಕಟ್ಟಡವನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸಾಗಿಸಿ ಕೂರಿಸಿದ್ದಾರೆ. ಮದ್ದನ್ನು ತೇವದಿಂದಲೂ ಬೆಂಕಿಯಿಂದಲೂ ಕಾಪಾಡಲು ಎಷ್ಟು ದಪ್ಪ ಗೋಡೆ!

"ನಮ್ಮೂರ್ನಲ್ಲೂ ಸೋಲ್ಜರುಗಳಿದ್ರಲ್ಲ, ಫ್ರೆಂಚ್ ರಾಕ್ಸು" ಎಂದರು ಚಿಕ್ಕಪ್ಪ. ಪಾಂಡವಪುರಕ್ಕೆ ಹಿರೋಡೆ ಎಂಬುದು ಹಳೆಯ ಹೆಸರು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂತು. ಆ ಕಾಲದ ಫ್ರೆಂಚ್ ಮಸ್ಕೆಟ್ಟಿನ ನಳಿಕೆ ಸುಮಾರು ಹದಿನೇಳೂವರೆ ಮಿಲಿಮೀಟರ್, ಇಂಗ್ಲಿಷರ ಮಸ್ಕೆಟ್ಟಿನದು ಹತ್ತೊಂಬತ್ತು. ಇಂಗ್ಲಿಷರ ಗುಂಡು ಫ್ರೆಂಚ್ ನಳಿಕೆಗೆ ಬಿಗಿ, ಸಿಕ್ಕಿಕೊಳ್ಳುವ ಭಯ. ಫ್ರೆಂಚರ ಗುಂಡು ಇಂಗ್ಲಿಷ್ ನಳಿಕೆಗೆ ಸಡಿಲ, ಒಳಗೇನೋ ಹೋಗುತ್ತದೆ, ಗುರಿಗೆ ಹೋಗುವುದಿಲ್ಲ. 'ಎಷ್ಟನೇ ಬೋರು ಮೇಷ್ಟ್ರೇ' ಎಂಬ ಪ್ರಶ್ನೆ 1799ರಲ್ಲೂ ಈ ನೆಲದಲ್ಲಿ ಇದ್ದೇ ಇತ್ತು. ಕಾಡತೂಸು ಎಂಬ ನಮ್ಮ ಮಾತು ಕೂಡ ಇಂಥ ಪರದೇಶಿಗಳ ಜೊತೆಗೇ ಬಂದದ್ದು. ಪೋರ್ಚುಗೀಸರ ಮಾತಿನ ಸಂತಾನ ಅದು.

ಚಿಕ್ಕಪ್ಪನನ್ನು ಪಾಂಡವಪುರದ ಬಸ್ಸು ಹತ್ತಿಸಿ ನಾನು ಮಂಡ್ಯದ ದಾರಿ ಹಿಡಿದೆ.

ಆರ್ಮರರ್ ಐವತ್ತರ ಆಸುಪಾಸಿನವರು, ಮಿತಭಾಷಿ. ಠಾಣೆಯಿಂದ ತಂದಿದ್ದ ರಿವಾಲ್ವರನ್ನು ತೆಗೆದುಕೊಂಡು ಮೊದಲು ಖಾಲಿಯಿದೆಯೆಂದು ಎರಡು ಸಲ ನೋಡಿದರು. ಅನಂತರ ಸಿಲಿಂಡರಿನ ಮೇಲಿದ್ದ ಒಂದು ಚಿಕ್ಕ ಮೊಟ್ಟೆಯಾಕಾರದ ಮುದ್ರೆಗೆ ಭೂತಗನ್ನಡಿ ಹಿಡಿದು ನನ್ನನ್ನು ಕರೆದರು. ಮೂರು ಅಕ್ಷರ, ಕೆಳಗೊಂದು ನಕ್ಷತ್ರ. "ಬೆಲ್ಜಿಯಂ ಸಾರ್, ಲಿಯೇಜ್ ಊರಿನ ಪರೀಕ್ಷಾ ಮುದ್ರೆ. 1893ರಿಂದ ಈಚೆಗೆ ಇದರ ತಲೆಯ ಮೇಲೆ ಕಿರೀಟ ಇರ್ತದೆ. ಇದಕ್ಕೆ ಕಿರೀಟ ಇಲ್ಲ."

ಎಂಬತ್ತು ವರ್ಷ ನಮ್ಮ ಮನೆಯವರೆಲ್ಲ 'ಇಂಗ್ಲೆಂಡಿನ ಮಾಲು' ಎಂದು ಮೀಸೆ ತಿರುವಿದ್ದು ಅಲ್ಲಿಗೆ ಮುಗಿಯಿತು. ಗಿಡ್ಡ ಮೂವತ್ತೆರಡು ಹುಟ್ಟಿದ್ದು 1878ರಲ್ಲಿ, ಕಿರೀಟ ಬಂದದ್ದು 1893ರಲ್ಲಿ; ರಿವಾಲ್ವರಿನ ಜನ್ಮ ಇವೆರಡರ ನಡುವೆ. ತಾತ ಕೊಳ್ಳುವಾಗಲೇ ಅದಕ್ಕೆ ಕಡಿಮೆಯೆಂದರೂ ನಲವತ್ತಮೂರು ವರ್ಷ! ನಾನು ಪೆನ್ಸಿಲ್ಲಿನ ಟೊಪ್ಪಿ ಕೊಟ್ಟು ಅಳತೆ, ಕರಿಯ, ಹೊಗೆ ಎಲ್ಲ ಹೇಳಿದೆ. ಅವರು ಟೊಪ್ಪಿಯನ್ನು ಒಂದೊಂದೇ ಗೂಡಿಗೆ ಇಟ್ಟು ನೋಡಿ, ಸೂಜಿ ಹೊಡೆದ ಗುಳಿ ನೋಡಿ, ತಲೆಯಾಡಿಸಿದರು. "ಸರಿಯಾಗಿ ಅಳೆದಿದ್ದೀರಿ ಮೇಷ್ಟ್ರೇ. ಇದರ ತೋಟಾ ಇದೇ."

ಆಮೇಲೆ ಪೆಪ್ಪರ್‌ಮೆಂಟ್ ಡಬ್ಬಿ ತೆರೆದರು. ಅಪ್ಪನ ಹತ್ತು ತೋಟಾಗಳಲ್ಲಿ ಒಂದನ್ನು ಟೊಪ್ಪಿಯ ಪಕ್ಕದಲ್ಲಿ ನಿಲ್ಲಿಸಿದರು. ತಾತನದಕ್ಕೆ ಬುಡದಲ್ಲಿ ಎದ್ದು ಕಾಣುವ ಅಂಚು. ಅಪ್ಪನದಕ್ಕೆ ಅಂಚು ಇದ್ದೂ ಇಲ್ಲದ ಹಾಗೆ, ಅದರ ಮೇಲೊಂದು ಗಾಡಿ ಕೊರೆದಂಥ ಗೆರೆ. ಗುಂಡಿಗೆ ಮಿರುಗುವ ಲೋಹದ ಕವಚ.

"ಇದು ಪಿಸ್ತೂಲಿಂದು ಸಾರ್. ಬ್ರೌನಿಂಗ್ ಮೂವತ್ತೆರಡು."

"ಆದರೆ ಒಳಗೆ ಹೋಗುತ್ತದಲ್ಲ?" ಎಂದೆ. ರೈಟರನ ಮಾತೇ ನನ್ನ ಬಾಯಲ್ಲಿ ಬಂತು.

"ಅದೇ ತೊಂದರೆ. ಹೋಗದೇ ಇದ್ದಿದ್ರೆ ಒಳ್ಳೇದಿತ್ತು." ಸಿಲಿಂಡರನ್ನು ಬೆಳಕಿಗೆ ಹಿಡಿದು ತೋರಿಸಿದರು. "ನೋಡಿ, ಗೂಡಿನೊಳಗೆ ಚಿಪ್ಪು ಬಂದು ನಿಲ್ಲೋಕೆ ಒಂದು ಮೆಟ್ಟಿಲು ಇರಬೇಕು. ಇದಕ್ಕಿಲ್ಲ. ಈ ತುದಿಯಿಂದ ಆ ತುದಿಗೆ ನೇರ ಕೊರೆದಿದ್ದಾರೆ. ಛತ್ರ ಇದ್ದ ಹಾಗೆ, ಯಾರು ಬಂದ್ರೂ ಜಾಗ ಕೊಡ್ತದೆ. ಇದು ಕರಿಮದ್ದಿನ ಕಾಲದ ಕಬ್ಬಿಣ. ಪಿಸ್ತೂಲಿನ ತೋಟಾ ಹುಟ್ಟಿದ್ದೇ ಹೊಸ ಮದ್ದಿಗೆ, ಅದರ ಒತ್ತಡ ಹೆಚ್ಚು. ಹಾರಿಸಿದ್ರೆ ಗುಂಡು ಮುಂದಕ್ಕೆ ಹೋಗ್ತದೋ, ಸಿಲಿಂಡರು ಕೈಯಲ್ಲೇ ಬಿರಿಯುತ್ತೋ ಹೇಳೋಕಾಗಲ್ಲ."

ಕುರ್ಚಿಯಲ್ಲಿ ಕೂತವನಿಗೆ ಕಣ್ಣೆದುರು ಬಂದದ್ದು 1974ರ ಒಂದು ರಾತ್ರಿ. ನಮ್ಮ ಆಲೆಮನೆಯಲ್ಲಿ ಬೆಲ್ಲದ ಮೂಟೆ ಕಳುವಾಗುತ್ತಿದ್ದ ಕಾಲ. ನನಗೆ ಹದಿನಾಲ್ಕು. ನಡುರಾತ್ರಿ ನಾಯಿಗಳು ಬೊಗಳಿದವು. ಅಪ್ಪ ಅಟ್ಟದಿಂದ ರಿವಾಲ್ವರ್ ಇಳಿಸಿ ಆರು ತೋಟಾ ತುಂಬಿ ಹೊರಟರು. ಲಾಂದ್ರ ಹಿಡಿದು ಹಿಂದೆ ನಾನು. ಕಬ್ಬಿನ ಗದ್ದೆಯೊಳಗೆ ಸರಬರ ಸದ್ದಾಯಿತು. ಅಪ್ಪ ಕೈ ನೀಟಿ, ಕುದುರೆಯ ಮೇಲೆ ಬೆರಳಿಟ್ಟು, "ಯಾರ್ಲಾ 'ದು, ಸುಟ್ಟುಬಿಡ್ತೀನಿ" ಎಂದು ಗುಡುಗಿದರು. ನಾನು ಅವರ ಬಲಗೈಯ ಪಕ್ಕದಲ್ಲೇ, ಲಾಂದ್ರ ಎತ್ತಿ ಹಿಡಿದು ನಿಂತಿದ್ದೆ. ಒಳಗಿಂದ ಬಂದದ್ದು ನಮ್ಮದೇ ಹಗ್ಗ ಬಿಚ್ಚಿಕೊಂಡ ಎಮ್ಮೆ. ಎಷ್ಟೋ ವರ್ಷ ಮನೆಯಲ್ಲಿ ಹೇಳಿ ಹೇಳಿ ನಕ್ಕ ಪ್ರಸಂಗ ಇದು. ಆ ಕೈಯಲ್ಲಿದ್ದ ಆರೂ ಗೂಡುಗಳಲ್ಲಿ ಏನು ಕೂತಿತ್ತು ಎಂದು ತಿಳಿದದ್ದು ಐವತ್ತು ವರ್ಷದ ಮೇಲೆ, ಮಂಡ್ಯದಲ್ಲಿ. ನನಗೆ ನೀರು ಬೇಕೆನ್ನಿಸಿತು.

ಅಪ್ಪ ಹೀಗೇಕೆ ಮಾಡಿದರು? ಯೋಚಿಸಿದಷ್ಟೂ ಅವರ ತಪ್ಪೆನಿಸುವುದಿಲ್ಲ, ಮಾರಿದವರ ತಪ್ಪೆಂದೂ ಅನಿಸುವುದಿಲ್ಲ. ನಮ್ಮ ಕಡೆ ಕೈಯಲ್ಲಿ ಹಿಡಿಯುವ ಬಂದೂಕಿಗೆಲ್ಲ ಒಂದೇ ಹೆಸರು, ಪಿಸ್ತೂಲು. ರಿವಾಲ್ವರ್ ಎಂಬ ಮಾತು ಲೈಸೆನ್ಸಿನಲ್ಲಿ ಮಾತ್ರ. 1972ರಲ್ಲಿ ಅಪ್ಪ ಅಂಗಡಿಗೆ ಹೋಗಿ 'ಮೂವತ್ತೆರಡು ಪಿಸ್ತೂಲಿನ ತೋಟಾ ಕೊಡಿ' ಎಂದಿರುತ್ತಾರೆ. ಅವರು ಕೇಳಿದ್ದನ್ನೇ ಕೊಟ್ಟಿದ್ದಾರೆ! ಪುಸ್ತಕದಲ್ಲಿ '32 ಬೋರ್, 10' ಎಂದು ಬರೆದಿದ್ದಾರೆ. ಬರೆದದ್ದೂ ಸುಳ್ಳಲ್ಲ. ಮನೆಗೆ ತಂದು ಒಂದನ್ನು ಗೂಡಿಗೆ ಹಾಕಿ ನೋಡಿರುತ್ತಾರೆ, ಸಲೀಸಾಗಿ ಹೋಗಿದೆ. ಅಲ್ಲಿಗೆ ಯಾರಿಗೂ ಅನುಮಾನವಿಲ್ಲ. ಹೆಸರು ಹೊಂದಿತು, ಅಂಕಿ ಹೊಂದಿತು, ಗೂಡಿಗೂ ಹೊಂದಿತು. ಹೊಂದಿಕೊಂಡದ್ದೆಲ್ಲ ಸರಿಯಾದದ್ದೇ ಎಂದು ನಂಬುವುದು ಮನುಷ್ಯನ ಸ್ವಭಾವ. ಮದ್ದು ಎಂದರೆ ಔಷಧಿಯೂ ಹೌದು, ಸಿಡಿಯುವುದೂ ಹೌದು. ಎರಡರಲ್ಲೂ ಚೀಟಿ ಓದದೆ ಬಾಯಿಗೆ ಹಾಕುವಂತಿಲ್ಲ.

"ಹಾಗಾದರೆ ಸರಿಯಾದ ತೋಟಾ?" ಎಂದು ಕೇಳಿದೆ.

ಆರ್ಮರರ್ ತಲೆಯಾಡಿಸಿದರು. ನಮ್ಮಲ್ಲಿ ತಯಾರಾಗುವ ಉದ್ದನೆಯ ಮೂವತ್ತೆರಡು ಇದರ ಸಿಲಿಂಡರಿಗಿಂತ ಉದ್ದ, ಮೂತಿ ಹೊರಗೆ ಚಾಚಿಕೊಂಡು ಸಿಲಿಂಡರು ತಿರುಗುವುದೇ ಇಲ್ಲ. ಕರಿಮದ್ದಿನ ಗಿಡ್ಡ ಮೂವತ್ತೆರಡು ಅವರ ಸರ್ವೀಸಿನಲ್ಲಿ ಅವರು ಕಂಡೇ ಇಲ್ಲ. ಹಳೆಯದೆಂದು ಹಾಗೆಯೇ ಗಾಜಿನ ಕಪಾಟಿನಲ್ಲಿ ಇಟ್ಟುಕೊಳ್ಳೋಣವೆಂದರೆ, ದುರಸ್ತಿ ಮಾಡಿದರೂ ಹಾರಿಸಲಾಗದಂಥ ಹಳೆಯ ಆಯುಧಕ್ಕೆ ಮಾತ್ರ ಕಾಯಿದೆ ರಿಯಾಯಿತಿ ಕೊಡುತ್ತದೆ. ಇದೋ, ತಾತ ಎಣ್ಣೆ ಹಾಕಿ, ಅಪ್ಪ ಎಣ್ಣೆ ಹಾಕಿ, ಇನ್ನೂ ಟಿಕ್ ಟಿಕ್ ಎಂದು ತಿರುಗುತ್ತಿದೆ! "ಬೋರು ಮೂವತ್ತೆರಡೇ. ನೀವು ಅರ್ಜಿ ಹಾಕೋದಾದ್ರೆ ಹಾಕಬಹುದು" ಎಂದರು. ಅಷ್ಟು ಹೇಳಿ ಸುಮ್ಮನಾದರು.

ವಾಪಸು ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ನಾನು ಹೊರಟದ್ದು ಎರಡೋ ಎಂಟೋ ತಿಳಿಯಲು. ಎರಡು ಎಂದು ಗೆದ್ದಾಯಿತು. ಆದರೆ ನನ್ನ ಮಗನ ಕಾಲಕ್ಕೆ ಏನಾಗುತ್ತದೆ? ಅವನೂ ಟ್ರಂಕು ತೆರೆಯುತ್ತಾನೆ, ಪುಸ್ತಕದಲ್ಲಿ 32 ಎಂದಿರುತ್ತದೆ, ಅವನೂ ಯಾವುದೋ ಮೂವತ್ತೆರಡು ತಂದು ಹಾಕಿ ನೋಡುತ್ತಾನೆ, ಅದೂ ಒಳಗೆ ಹೋಗುತ್ತದೆ. ಕಳ್ಳನಿಗೆ ಹೆದರಿ ಇಟ್ಟುಕೊಂಡ ಆಯುಧ ಹಿಡಿದವನ ಕೈಗೇ ಮುಳುವಾಗುವುದಾದರೆ ಅದು ಆಸ್ತಿ ಹೇಗಾದೀತು?

ಅವ್ವನಿಗೆ ಎಲ್ಲ ಹೇಳಿದೆ, 1974ರ ರಾತ್ರಿಯ ವಿಷಯವೊಂದನ್ನು ಬಿಟ್ಟು. ಅವಳು ಕೇಳಿದ್ದು ಒಂದೇ ಮಾತು: "ಮಡೀಕೊಂಡು ಏನ್ ಮಾಡೀಯಪ್ಪ?" ಮುಂದಿನ ಸೋಮವಾರ ಠಾಣೆಗೆ ಹೋಗಿ ನನಗೆ ಲೈಸೆನ್ಸು ಬೇಡ, ಸರ್ಕಾರಕ್ಕೇ ಒಪ್ಪಿಸುತ್ತೇನೆ ಎಂದು ಬರೆದುಕೊಟ್ಟೆ.

ರೈಟರ್ ರಿಜಿಸ್ಟರಿನಲ್ಲಿ '32' ಎಂದು ಬರೆದು ಗೆರೆ ಎಳೆಯಹೊರಟ. ತಡೆದೆ. "ಪೂರ್ತಿ ಬರಿಯಪ್ಪ" ಎಂದೆ. ಪರೀಕ್ಷೆಯಲ್ಲಿ ಉತ್ತರದ ಮುಂದೆ ಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದ ಮೇಷ್ಟ್ರು ಅವನಿಗೆ ನೆನಪಾಗಿರಬೇಕು, ನಕ್ಕ. ನಾನು ಹೇಳಿದ ಹಾಗೆಯೇ ಬರೆದ: ಪಾಯಿಂಟ್ ಮೂವತ್ತೆರಡು ಸ್ಮಿತ್ ಅಂಡ್ ವೆಸ್ಸನ್, ಗಿಡ್ಡದು, ಕರಿಮದ್ದಿನದು, ಬೆಲ್ಜಿಯಂ. ಜೊತೆಗಿರುವ ಹತ್ತು ತೋಟಾ ಇದರದಲ್ಲ, ಪಿಸ್ತೂಲಿನವು. ಎಂಬತ್ತೇಳು ವರ್ಷದಲ್ಲಿ ಆ ರಿವಾಲ್ವರಿನ ಪೂರ್ತಿ ಹೆಸರನ್ನು ಕಾಗದದ ಮೇಲೆ ಬರೆದದ್ದು ಅದೇ ಮೊದಲು.

ಕೊನೆಗೆ ಜೇಬಿನಿಂದ ಪೆನ್ಸಿಲ್ಲಿನ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟೆ. ಕಾಯಿದೆಯಲ್ಲಿ ತೋಟಾದ ಬಿಡಿಭಾಗವೂ ತೋಟಾ ಎಂದೇ ಲೆಕ್ಕ. ಅದಲ್ಲದೆ ಆ ಚಿಪ್ಪಿನ ಜಾಗ ಆ ಗೂಡೇ ಅಲ್ಲವೆ? ಅವನು ಟೊಪ್ಪಿ ನೋಡಿದ, ನನ್ನನ್ನು ನೋಡಿದ. ಕ್ಲಾಸಿನಲ್ಲಿ ಅದನ್ನು ನನ್ನ ಮೇಜಿನ ಮೇಲೆ ನೋಡಿದ್ದವನೇ ಅವನು. "ಇದೂನಾ ಮೇಷ್ಟ್ರೇ?" ಎಂದ. ಹೂಂ ಎಂದೆ. 'ಖಾಲಿ ಚಿಪ್ಪು, 1' ಎಂದು ಬರೆದುಕೊಂಡ. ಆರು ತೋಟಾಗಳ ಲೆಕ್ಕ ಚುಕ್ತಾ ಆಯಿತು.

ಪೆನ್ಸಿಲ್ಲು ಈಗಲೂ ನನ್ನ ಮೇಜಿನ ಮೇಲಿದೆ. ಟೊಪ್ಪಿ ಇಲ್ಲದ್ದರಿಂದ ಮೊನೆ ಮುರಿಯುತ್ತಿರುತ್ತದೆ. ಮುರಿದಾಗೆಲ್ಲ ಬ್ಲೇಡಿನಿಂದ ಹೆರೆದು ಚೂಪು ಮಾಡಿಕೊಳ್ಳುತ್ತೇನೆ.